ಕುಂತ ಪಟ, ಕುಂದ್ರಿಸಿದ ಪಟ

೧೨ ಜನವರಿ ೧೯೫೪, ಮಂಗಳವಾರ

ಕೂಡಿದ ದೈವವೇ! ಮುಂದೆ ಚಾಪೆ ಹಿಡಿದವರೇ, ಹಿಂದೆ ಕಂಬಕ್ಕೆ ಆತುಕೊಂಡವರೇ, ಅಳುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಿವಿಯನ್ನು ಇತ್ತ ಇಟ್ಟ ತಾಯಂದಿರೇ! ಗದ್ದಲ ನಿಲ್ಲಲಿ! ಪರದೆ ಏಳಲಿ! ಸಂಖದ ಶ್ರೀಶೈಲಪ್ಪ ರಂಗಕ್ಕೆ ಬಂದಿದ್ದಾನೆ!

ಈ ವಹಿಯನ್ನು ನಾನಲ್ಲದೆ ಬೇರೆ ಯಾರೂ ತೆರೆಯುವುದಿಲ್ಲ, ಅದು ನನಗೂ ಗೊತ್ತು. ಆದರೆ ಎದುರಿಗೆ ಜನ ಕೂತಿದ್ದಾರೆಂದು ತಿಳಿಯದಿದ್ದರೆ ನನ್ನ ಲೇಖನಿಗೂ ದನಿ ಏಳುವುದಿಲ್ಲ. ಹದಿನೈದನೆಯ ವಯಸ್ಸಿಗೆ ಮನೆ ಬಿಟ್ಟು ನಾಟಕ ಮಂಡಳಿ ಸೇರಿ, ಮಂಡಳಿ ಮುಳುಗುವ ತನಕ ರಾಜನಾಗಿಯೇ ಬಾಳಿದವನು ನಾನು. ಈಗ ಹೊಲ ನೋಡಿಕೊಂಡು ಇದ್ದೇನೆ. ಜೋಳಕ್ಕೆ ನನ್ನ ಮಾತು ಚೆನ್ನಾಗಿ ಹಿಡಿಸುತ್ತದೆ.

ಪ್ರಸಂಗ ಹೀಗಿದೆ. ಬಿಳೂರಿನ ಕಾಳಿನ ವ್ಯಾಪಾರಿ ಗುರಪ್ಪ, ತನ್ನ ಮಗ ತಮ್ಮಣ್ಣನಿಗೆ ನಮ್ಮ ಮಗಳು ಗೌರವ್ವನನ್ನು ಕೇಳಿ ಕಳಿಸಿದ್ದಾನೆ. ತಮ್ಮಣ್ಣ ನಮ್ಮೂರ ಕನ್ನಡ ಶಾಲೆಯ ಮಾಸ್ತರ, ಮೆತ್ತಗೆ ಮಾತಾಡುವ ಹುಡುಗ, ಅದೊಂದೇ ಕೊರತೆ. ಆದರೆ ಗುರಪ್ಪನದೊಂದು ಕರಾರು ಇದೆ. ಮನೆತನ ನೋಡಬೇಕಂತೆ. ಏಳು ತಲೆಯ ವಂಶಾವಳಿ ಬೇಕಂತೆ. ಹಿರಿಯರ ಪಟಗಳನ್ನು ಇಸವಿ ಸಹಿತ ಗೋಡೆಗೆ ಹಾಕಿರಬೇಕಂತೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಜತ್ತ ಸಂಸ್ಥಾನ ಕರಗಿ ಆರು ವರ್ಷವಾಯಿತು. ಅಂದಿನಿಂದ ದರ್ಬಾರದಲ್ಲಿ ಮಾನ ಪಡೆದ ಮನೆತನಗಳು ದಿನದಿನಕ್ಕೆ ಹೆಚ್ಚುತ್ತಿವೆ. ದರ್ಬಾರ ಇದ್ದಾಗ ಇಷ್ಟು ಜನ ಅಲ್ಲಿ ಹಿಡಿಸುತ್ತಲೂ ಇರಲಿಲ್ಲ. ಊರುಗಳೂ ಹಾಗೆಯೇ ಆಗಿವೆ. ಯಾವ ಊರು ಯಾವ ರಾಜ್ಯಕ್ಕೆ ಹುಟ್ಟಿದ್ದು ಎಂದು ಕೇಳಲು ದಿಲ್ಲಿಯವರು ಕಮಿಷನ್ ಕೂಡಿಸಿದ್ದಾರೆ.

ನಾನು ಪಡಸಾಲೆಯ ನಡುವೆ ನಿಂತು ಕೈ ಎತ್ತಿದೆ. "ಎಲೌ ಇಂದುಬಾಯಿ! ಏಳೇ ಏಕೆ? ಹದಿನಾಲ್ಕು ತಲೆಮಾರುಗಳನ್ನು ಈ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸುವೆನು!"

ಹೆಂಡತಿ ಕಾಳು ಹಸನು ಮಾಡುವ ಮೊರದಿಂದ ಮುಖ ಎತ್ತಲಿಲ್ಲ. "ಮನ್ಯಾಗರ ಮನಿ ಮಾತ ಆಡ್ರಿ. ನಿಮ್ಮ ಮುತ್ಯಾನ ಹೆಸರಿನಕಿಂತ ಮ್ಯಾಲ ನಿಮಗ ಒಂದ ಹೆಸರ ಗೊತ್ತೈತೇನು?"

"ಪಾತ್ರವಿದ್ದ ಮೇಲೆ ಹೆಸರಿಗೆ ಬರವೇ?"

"ಹೋದ ವರ್ಷ ಉಮದಿಯವರು ಬಂದಾಗೂ ಹಿಂಗ ಅಂದ್ರಿ. ವರನ ಮುತ್ಯಾ ಕುಂತಲ್ಲೇ ತೂಕಡಸ್ತಿದ್ದ. ನೀವು ಯುದ್ಧದ ಮಾತ ಒದರಿದ್ರಿ, ಆ ಮುದುಕ ಹೊರಸಿನ ಮ್ಯಾಲಿಂದ ಕೆಳಗ ಬಿದ್ದ. ಸಂಬಂಧಾನೂ ಬಿತ್ತು." ಈಗ ಮುಖ ಎತ್ತಿದಳು. "ಈ ಸಲ ಹುಡುಗೀಗಿ ಮನಸೈತ್ರಿ. ಬಾಯಿ ಬಿಟ್ಟು ಹೇಳೂದಿಲ್ಲ, ಆದ್ರ ಸಾಲಿ ಬಿಡೂ ಹೊತ್ತಿಗೆ ನೀರ ತುಂಬಿದ ಕೊಡಾ ಚೆಲ್ಲಿ ಮತ್ತ ಭಾವಿಗಿ ಹೋಗ್ತಾಳ. ಇದೂ ಮುರದ್ರ ಆಕಿ ಮುಖಾ ನೋಡಾಕ ನನ್ನ ಕೈಲಿ ಆಗೂದಿಲ್ಲ."

ಮುರಿಯುವುದೇ? ನಾನಿರುವಾಗ?

೧೫ ಜನವರಿ, ಶುಕ್ರವಾರ

ಸಭಾಸದರೇ, ಸಾಕ್ಷಿ ದೊರಕಿತು!

ನಮ್ಮವ್ವ ಹಾಲವ್ವ ಲಿಂಗೈಕ್ಯಳಾಗಿ ವರ್ಷ ತುಂಬಿತು. ಬದುಕಿರುವ ತನಕ ತನ್ನ ಟ್ರಂಕಿಗೆ ಯಾರನ್ನೂ ಕೈ ಹಚ್ಚಗೊಟ್ಟವಳಲ್ಲ. ಇಂದು ತೆರೆದೆವು. ಇಲಕಲ್ ಸೀರೆಯ ಮಡಿಕೆಗಳ ನಡುವೆ ಮೂರು ಪಟಗಳು.

ಪಟಗಳ ಕಾಲ ಕಂಡುಹಿಡಿಯುವ ವಿದ್ಯೆ ಈ ತಾಲ್ಲೂಕಿನಲ್ಲಿ ನನಗಲ್ಲದೆ ಯಾರಿಗೆ ಬರಬೇಕು? ಜನ ಮುಖ ನೋಡುತ್ತಾರೆ. ಮುಖ ಸುಳ್ಳು ಹೇಳುತ್ತದೆ. ನಾನು ಹಿಂದಿನ ಪರದೆ ನೋಡುತ್ತೇನೆ. ಯಾವ ಸ್ಟುಡಿಯೋದ ಪರದೆಯಲ್ಲಿ ಕೊಳವಿದೆ, ಯಾವುದರಲ್ಲಿ ಮೆಟ್ಟಿಲಿವೆ, ಯಾವ ಕುರ್ಚಿಗೆ ಸಿಂಹದ ಕಾಲು, ಯಾವ ಹೂದಾನಿಗೆ ಕಿವಿ ಮುರಿದಿದೆ, ಎಲ್ಲ ನನ್ನ ನಾಲಗೆಯ ಮೇಲಿವೆ. ಮೊದಲನೆಯ ಪಟದಲ್ಲಿ ನಮ್ಮ ಕಾಕಾ ಸೈಕಲ್ ಹಿಡಿದು ನಿಂತಿದ್ದಾನೆ. ಸೈಕಲ್ ಸ್ಟುಡಿಯೋದ್ದು, ಗಾಲಿಗೆ ಗಾಳಿ ಇಲ್ಲ. ಕಾಕಾನಿಗೆ ಸೈಕಲ್ ಬರುತ್ತಿರಲಿಲ್ಲ. ಎರಡನೆಯದರಲ್ಲಿ ಒಬ್ಬ ಹೆಂಗಸು, ಮುಖವನ್ನು ಗೆದ್ದಲು ತಿಂದಿದೆ. ನಿಂತ ಗತ್ತು ನೋಡಿದ ಕೂಡಲೇ ಇದು ನಮ್ಮ ಐದನೆಯ ತಲೆಮಾರಿನ ವೀರಮಾತೆ ಎಂದು ಸಾರಿದೆ. ಇಂದುಬಾಯಿ ಬಗ್ಗಿ ನೋಡಿ, "ಅಕಿ ನಿಮ್ಮ ಕಾಕೂರಿ, ಕಾಕಾನ ಹೆಂಡ್ತಿ. ಕಾಲಬೆರಳ ನೋಡ್ರಿ, ಒಂದರ ಮ್ಯಾಲ ಒಂದ ಏರ್ಯಾವ" ಎಂದಳು. ಹೆಂಗಸರಿಗೆ ಇತಿಹಾಸದ ದೃಷ್ಟಿ ಇಲ್ಲ.

ಮೂರನೆಯ ಪಟ! ಆಹಾ! ಅದು ನಮ್ಮಪ್ಪ ದುಂಡಪ್ಪನದು. ಅವನದೊಂದು ಪಟ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಇದೇ ಪಡಸಾಲೆಯಲ್ಲಿ, ಇದೇ ಗೋಡೆಯ ಮುಂದೆ ತೆಗೆದದ್ದು. ಸುತ್ತ ಹೂವಿನ ಮಂಟಪ. ನಡುವೆ ಎತ್ತರದ ಆಸನ. ಅಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಕಿವಿಯ ತನಕ ಹಾರ, ಮೈತುಂಬ ವಿಭೂತಿ, ಎಡಬಲಕ್ಕೆ ಊರ ಹಿರಿಯರು, ಸ್ವಾಮಿಗಳು. ಪಕ್ಕದಲ್ಲಿ ನಮ್ಮವ್ವ, ಲಜ್ಜೆಯಿಂದ ಮುಖದ ತುಂಬ ಸೆರಗು ಎಳೆದುಕೊಂಡಿದ್ದಾಳೆ. ಅಪ್ಪನ ತಲೆ ವಿನಯದಿಂದ ತುಸು ವಾಲಿದೆ. ಆದರೆ ಕಣ್ಣು! ಆನೆ ಎದುರು ಬಂದರೂ ಮಿಟುಕದ ಕಣ್ಣು! ಹಣೆಗೆ ಒಂದು ಬಿಳಿ ಪಟ್ಟಿ, ಅದರ ತುದಿ ಹಿಂದಕ್ಕೆ ಹೋಗಿ ಕಪ್ಪಿನಲ್ಲಿ ಕರಗಿದೆ.

ನಾನು ಎದ್ದು ನಿಂತೆ. ಇದು ಪಟ್ಟ! ಪಟ್ಟ ಕಟ್ಟಿದ್ದಾರೆ! ಜತ್ತಿನ ದರ್ಬಾರದವರು ಮನೆ ತನಕ ಬಂದು ನಮ್ಮಪ್ಪನಿಗೆ ಸತ್ಕಾರ ಮಾಡಿದ್ದಾರೆ!

ಇಂದುಬಾಯಿ ಪಟವನ್ನು ಭಾಳ ಹೊತ್ತು ನೋಡಿದಳು. "ಇದನ್ನ ಗ್ವಾಡಿಗಿ ಹಾಕೂದ ಬ್ಯಾಡ್ರಿ" ಎಂದಳು. ಯಾಕೆಂದು ಕೇಳಿದರೆ, "ಅತ್ತಿ ಒಳಗ ಇಟ್ಟಿದ್ರಲ್ಲ, ಒಳಗ ಇರ್ಲಿ" ಎಂದು ಒಲೆಯ ಕಡೆ ಹೋದಳು.

ಈಗ ಇಸವಿ. ನಾನು ಮಂಡಳಿ ಸೇರಿದ್ದು ೧೯೨೦ರಲ್ಲಿ. ಈ ಸತ್ಕಾರ ನಾನು ಕಂಡಿಲ್ಲ, ಆದ್ದರಿಂದ ಅದಕ್ಕಿಂತ ಈಚಿನದು. ಅಪ್ಪ ತೀರಿಕೊಂಡದ್ದು ೧೯೨೧ರ ಮಾಘದಲ್ಲಿ. ಆದ್ದರಿಂದ ಅದಕ್ಕಿಂತ ಹಿಂದಿನದು. ವರ್ಷದ ಒಳಗೆ ಹಿಡಿದು ಹಾಕಿದೆ! ಅಪ್ಪ ತೀರಿದಾಗ ನಾನು ರಾಣಿಬೆನ್ನೂರಿನಲ್ಲಿ ರಾಜನಾಗಿದ್ದೆ. ಸುದ್ದಿ ತಂದ ಮನುಷ್ಯ ಮೂರು ಊರು ತಪ್ಪಿ ತಿರುಗಿ ಬರುವಷ್ಟರಲ್ಲಿ ಇಲ್ಲಿ ಗದ್ದಿಗೆಗೆ ಸುಣ್ಣ ಬಳಿದಾಗಿತ್ತು. ಇರಲಿ. ರಂಗದ ಮೇಲೆ ಅತ್ತವನಿಗೆ ಹೊರಗೆ ಬೇರೆ ಅಳು ಇರುವುದಿಲ್ಲ.

೨೧ ಜನವರಿ, ಗುರುವಾರ

ಜತ್ತಿಗೆ ಹೋಗಿ ಬಂದೆ. ಅಲ್ಲಿ ಪಟ ತೆಗೆಯುವ ಶಿದ್ರಾಯನ ಅಂಗಡಿ ಇದೆ. ಅವನಪ್ಪನ ಕಾಲದ ಅಂಗಡಿ. ನಮ್ಮ ಪಟದ ಹಿಂದೆಯೂ ಅದೇ ಅಂಗಡಿಯ ಮುದ್ರೆ. ಇದನ್ನು ಮೊಳದುದ್ದ ದೊಡ್ಡದು ಮಾಡಿ ಚೌಕಟ್ಟು ಹಾಕಿಕೊಡು ಎಂದೆ.

ಶಿದ್ರಾಯ ಕನ್ನಡಕ ಏರಿಸಿ ಪಟ ನೋಡಿದ. ನನ್ನನ್ನು ನೋಡಿದ. ಮತ್ತೆ ಪಟ ನೋಡಿದ.

"ದೇವರ ಕ್ವಾಣ್ಯಾಗ ಇಡಾಕೇನ್ರಿ?"

"ಪಡಸಾಲೆಯಲ್ಲಿ! ಬಾಗಿಲ ಎದುರಿಗೆ! ಬೀಗರು ಹೊಸ್ತಿಲು ದಾಟಿದೊಡನೆ ಬೆರಗಾಗಬೇಕು!"

"ಬೆರಗ ಆಗ್ತಾರ ಬಿಡ್ರಿ" ಎಂದ. ಆಮೇಲೆ ದನಿ ತಗ್ಗಿಸಿ, "ಈ ಕಣ್ಣ ಬರದದ್ದ ಅದಾವ್ರಿ" ಎಂದ.

ಕಲಾವಿದ! ಕಲಾವಿದನ ಮಾತು! "ಬರೆದಂಥ ಕಣ್ಣು! ಸರಿಯಾಗಿ ಹೇಳಿದೆ! ನಮ್ಮ ಮನೆತನದವರೆಲ್ಲರದೂ ಬರೆದಂಥ ಕಣ್ಣೇ!" ಎಂದು ನನ್ನ ಕಣ್ಣನ್ನೂ ಅಗಲಿಸಿ ತೋರಿಸಿದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

"ಹಂಗಲ್ರಿ, ನಮ್ಮಪ್ಪ ಕುಂಚಾ ತಗೊಂಡು..." ಎಂದು ಶಿದ್ರಾಯ ಶುರುಮಾಡಿದ. ನಾನು ಅವನ ಬೆನ್ನು ತಟ್ಟಿ, ನಿಮ್ಮಪ್ಪನ ಕೈಚಳಕಕ್ಕೆ ನಮೋ ನಮೋ ಎಂದೆ. ಅವನು ತಲೆ ಬಗ್ಗಿಸಿ ಪಾವತಿ ಬರೆದ. ವಿನಯವಂತ.

ದಾರಿಯಲ್ಲಿ ಪಟವನ್ನು ಮನಸ್ಸಿನಲ್ಲೇ ನೋಡುತ್ತ ಬಂದೆ. ಬಾಗಿಲ ಮೇಲೆ ಹೊಸ ಜೋಳದ ತೆನೆಯ ಗೊಂಚಲು ತೂಗುತ್ತಿದೆಯಲ್ಲ! ಹೊಸ ಜೋಳ ಬರುವುದು ಮಾಘದಲ್ಲಿ. ಎಂದರೆ ಸತ್ಕಾರ ನಡೆದದ್ದೂ ಮಾಘದಲ್ಲೇ. ಸಂತೋಷ ತಾಳಲಾರದೆ ನಮ್ಮಪ್ಪ ಅದೇ ತಿಂಗಳು ಲಿಂಗೈಕ್ಯನಾಗಿದ್ದಾನೆ! ಎಂಥ ಅಂಕ! ಇದನ್ನು ಬೀಗರ ಮುಂದೆ ಕೊನೆಗೆ ಹೇಳಬೇಕು, ದನಿ ನಡುಗಿಸಿ.

೨೮ ಜನವರಿ, ಗುರುವಾರ

ದೈವವೇ, ನಗದಿರಿ. ಅಥವಾ ನಗಿರಿ, ನಾನೂ ಗಾಡಿಯಲ್ಲಿ ಒಬ್ಬನೇ ನಗುತ್ತ ಬಂದೆ, ಎತ್ತುಗಳು ಬೆದರಿದವು.

ಬಿಳೂರಿಗೆ ಮನೆ ನೋಡಲು ಹೋಗಿದ್ದೆ. ಐದು ಮಾತಿಗಿಂತ ಹೆಚ್ಚು ಆಡಬಾರದು ಎಂದು ಇಂದುಬಾಯಿ ಆಣೆ ಹಾಕಿಸಿಕೊಂಡಿದ್ದಳು. ಗುರಪ್ಪ ತೂಕದ ಮನುಷ್ಯ. ತಕ್ಕಡಿಯ ಹತ್ತಿರ ಕೂತು ಕೂತು ಹಾಗಾಗಿದ್ದಾನೆ. ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿ, "ನೋಡ್ರಿ, ಇವರು ನಮ್ಮ ಮುತ್ಯಾನ ಅಪ್ಪರಿ. ದರ್ಬಾರದಾಗ ಕುರ್ಚಿ ಇತ್ತು ಇವರಿಗಿ. ಎಂಬತ್ತ ವರ್ಷದ ಹಿಂದಿನ ಪಟಾರಿ ಇದು" ಎಂದ.

ನೋಡಿದೆ. ಕಲ್ಲಿಮೀಸೆ, ಜರಿಯ ರುಮಾಲು, ಒರೆಯಿಂದ ಅರ್ಧ ಹಿರಿದ ಖಡ್ಗ. ಹಿಂದೆ ಅರಮನೆಯ ಕಂಬಗಳು. ಎರಡನೆಯ ಕಂಬದ ನಡುವೆ, ಕೂರಲು ಕೊಂಬೆಯೇ ಇಲ್ಲದೆ, ಒಂದು ಗಿಳಿ.

ನನ್ನ ಗಿಳಿ! ನಮ್ಮ ಮಂಡಳಿಯ ಅರಮನೆ ಪರದೆ! ೧೯೨೮ರಲ್ಲಿ ಗ್ಯಾಸಬತ್ತಿ ತಗುಲಿ ಆ ಕಂಬಕ್ಕೆ ತೂತು ಬಿದ್ದಿತ್ತು. ತೇಪೆ ಹಾಕಿ, ತೇಪೆ ಕಾಣದಿರಲೆಂದು ಅದರ ಮೇಲೆ ಗಿಳಿ ಬರೆಸಿದವನು ನಾನೇ. ಮಂಡಳಿ ಮುಳುಗಿದಾಗ ಪರದೆ, ಖಡ್ಗ, ಮೀಸೆ ಎಲ್ಲವನ್ನೂ ಮಿರಜಿನ ಒಬ್ಬ ಪಟದವನಿಗೆ ಮಾರಿದ್ದರು. ಖಡ್ಗ ಕಟ್ಟಿಗೆಯದು. ಮೀಸೆಯ ಎಡತುದಿಯನ್ನು ಇಲಿ ಕಡಿದಿತ್ತು. ಇಲ್ಲೂ ಎಡತುದಿ ಮೊಂಡ. ಇನ್ನು ಆ ಮೀಸೆಯ ಮೇಲಿನ ಮೂಗು? ಅದು ನನ್ನ ಪಕ್ಕದಲ್ಲೇ ನಿಂತು ಉಸಿರಾಡುತ್ತಿತ್ತು! ಗುರಪ್ಪ ತನ್ನ ಮುತ್ಯಾನ ಅಪ್ಪ ತಾನೇ ಆಗಿದ್ದಾನೆ!

ನಾಲ್ಕು ಮಾತು ಆಗಲೇ ಮುಗಿದಿದ್ದವು. ಐದನೆಯದಾಗಿ, "ಗಿಳಿ ಬಹು ಸೊಗಸಾಗಿದೆ" ಎಂದೆ.

ಗುರಪ್ಪನಿಗೆ ಚಹಾ ನೆತ್ತಿಗೇರಿತು. ಅವನ ತಾಯಿ ಶಿವಲಿಂಗವ್ವ, ಎಂಬತ್ತು ದಾಟಿದ ಮುದುಕಿ, ಮಗನ ಬೆನ್ನಿಗೆ ಗುದ್ದುತ್ತ, "ಸಾವಕಾಶ ಕುಡಿಯೋ, ಯಾರ ಕಸಗೋತಾರ" ಎಂದಳು. ಕೆಮ್ಮುತ್ತಲೇ ಅವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಅವನಿಗೆ ಗೊತ್ತಾಯಿತು, ನನಗೆ ಗೊತ್ತು ಎಂದು.

ಇದು ನನ್ನ ಬಾಣ. ಬತ್ತಳಿಕೆಯಲ್ಲಿ ಇರಲಿ. ಅವನು ನಮ್ಮ ಮನೆತನದ ಬಗ್ಗೆ ಒಂದು ಅಡ್ಡ ಮಾತು ಆಡಲಿ, ನಾಲ್ಕು ಜನರ ನಡುವೆ ಆ ಗಿಳಿಯನ್ನು ಹಾರಿಸುವೆನು!

೩ ಫೆಬ್ರುವರಿ, ಬುಧವಾರ

ಬೆಳುಂಕಿಯಿಂದ ಸಿದ್ದವ್ವ ಬಂದಳು. ಅಪ್ಪನ ತಂಗಿ, ನನ್ನ ಸೋದರತ್ತೆ. ಅಪ್ಪನ ಓರಗೆಯವರಲ್ಲಿ ಉಳಿದವಳು ಅವಳೊಬ್ಬಳೇ. ಪಟದಲ್ಲಿರುವವರ ಹೆಸರುಗಳನ್ನು ಗಟ್ಟಿ ಮಾಡಿಕೊಳ್ಳಲೆಂದು ಕರೆಸಿದ್ದು. ಚೌಕಟ್ಟಿನ ದೊಡ್ಡ ಪಟವೂ ಜತ್ತಿನಿಂದ ಬಂದು ಗೋಡೆ ಏರಿದೆ.

ಸಿದ್ದವ್ವ ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಣ್ಣಾ" ಎಂದಳು.

"ನೋಡಿದೆಯಾ ಅತ್ತೆ! ಹೇಗಿದೆ ವೈಭವ!"

"ಅವತ್ತ ಮುಂಜಾಲಿಂದ ಸಂಜಿತನಾ ಕುಂದ್ರಿಸಿದ್ವಿ ತಮ್ಮಾ" ಎಂದಳು. ಕಣ್ಣು ಒರೆಸಿಕೊಂಡಳು. ಆನಂದಬಾಷ್ಪ.

"ಕುಂದ್ರಿಸದೇ ಮತ್ತೆ? ಸತ್ಕಾರಕ್ಕೆ ಬಂದವರು ಎಲ್ಲರಿಗಿಂತ ಮೇಲೆ ಕುಂದ್ರಿಸಬೇಕಾದ್ದೇ! ದರ್ಬಾರದಿಂದ ಯಾರು ಯಾರು ಬಂದಿದ್ದರು?"

ಅವಳು ಇಂದುಬಾಯಿಯ ಮುಖ ನೋಡಿದಳು. ಇಂದುಬಾಯಿ ನೆಲ ನೋಡಿದಳು. ಗೌರವ್ವ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

"ಅವತ್ತ ನೀ ಎಲ್ಲಿದ್ದಿಯೋ ಶ್ರೀಶೈಲಾ?"

"ರಾಣಿಬೆನ್ನೂರಿನಲ್ಲಿ, ಸಿಂಹಾಸನದ ಮೇಲೆ!"

"ಹೌದು" ಎಂದಳು. "ಭಾಳ ಮಂದಿ ಬಂದಿದ್ರಪ್ಪಾ. ಊರ ಊರಾನ ಬಂದಿತ್ತು." ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟಳು, ನಾನು ಚಿಕ್ಕವನೋ ಎಂಬಂತೆ. "ಇರ್ಲಿ ಬಿಡು. ಚಲೋ ಕಾಣ್ತಾನ ನಮ್ಮಣ್ಣ."

ಊರಿಗೆ ಊರೇ ಬಂದಿತ್ತು! ಸಾಕ್ಷಿ ನುಡಿಯಿತು. ಭಾಷಣ ಸಿದ್ಧವಾಗಿದೆ, ಮೂರು ಬಾರಿ ಒದರಿ ನೋಡಿದೆ. ಪಕ್ಕದ ಕುರುಬರ ಅಮೋಗಸಿದ್ದ ಕುರಿ ಹೊಡೆದುಕೊಂಡು ಹೋಗುತ್ತಿದ್ದವನು ಬಾಗಿಲಲ್ಲಿ ಇಣುಕಿದ. ಪಟ ನೋಡಿ ತಲೆಯ ರುಮಾಲು ತೆಗೆದು ಕೈ ಮುಗಿದು ಹೋದ. ಜನರಿಗೆ ಎಷ್ಟು ಗೌರವ ನೋಡಿ.

೫ ಫೆಬ್ರುವರಿ, ಶುಕ್ರವಾರ

ಇಂದು ಕ್ಷೌರ ಮಾಡಿಕೊಳ್ಳಲು ಪಡಸಾಲೆಯಲ್ಲಿ ಕೂತೆ. ಕನ್ನಡಿಯಲ್ಲಿ ನನ್ನ ಹಿಂದೆ ಅಪ್ಪ ಕಾಣುತ್ತಿದ್ದ. ಹೊರಗೆ ಕಟ್ಟೆಗೆ ಹೋಗಿ ಕೂತು ಮಾಡಿಕೊಂಡೆ. ಬೆಳಕು ಅಲ್ಲಿ ಚೆನ್ನ.

ಪಟದಲ್ಲಿ ಎಲ್ಲರೂ ಒಂದು ಕಡೆ ನೋಡುತ್ತಾರೆ. ಅಪ್ಪ ಬೇರೆ ಕಡೆ ನೋಡುತ್ತಾನೆ. ರಾಜಗಾಂಭೀರ್ಯ ಎಂದು ಭಾಷಣದಲ್ಲಿ ಸೇರಿಸಿದ್ದೇನೆ.

೭ ಫೆಬ್ರುವರಿ, ರವಿವಾರ

ಬಂದರು. ಹೋದರು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಗುರಪ್ಪ, ಅವನ ತಾಯಿ ಶಿವಲಿಂಗವ್ವ, ತಮ್ಮಣ್ಣ, ಊರ ಇಬ್ಬರು ಹಿರಿಯರು. ಕೈಕಾಲಿಗೆ ನೀರು ಕೊಟ್ಟೆವು. ನಾನು ಪಟದ ಬದಿಗೆ ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, "ಬಂಧು ಬಾಂಧವರೇ!" ಎಂದೆ.

ಅಷ್ಟೇ ಆದದ್ದು. ಶಿವಲಿಂಗವ್ವ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕೂತುಕೊಂಡು, ನೆಲಕ್ಕೆ ಹಣೆ ಹಚ್ಚಿದಳು. ಎದ್ದು ಇಂದುಬಾಯಿಯನ್ನು ಕೇಳಿದಳು, "ಸ್ವಲ್ಪ ವಿಭೂತಿ ಕೊಡ ಯವ್ವಾ. ಯಾವಾಗ ಲಿಂಗೈಕ್ಯರಾದರು ಇವರು?"

ಇಂದುಬಾಯಿ ವಿಭೂತಿ ತಂದು ಕೊಟ್ಟಳು.

"ಕುಂದ್ರಿಸಿದ ಪಟಾನ ಬಾಗಲಾ ಎದುರಿಗಿ ಯಾಕ ಹಾಕೀರಿ?" ಎಂದಳು. ಬೈಗುಳವಲ್ಲ, ಕೇಳಿದಳು ಅಷ್ಟೇ. "ಇವರ ಮುಂದ ಕುಂತು ಸಕ್ಕರಿ ಹೆಂಗ ಬಾಯಾಗ ಹಾಕ್ಕೊಳ್ಳೂದು?"

ಗುರಪ್ಪ ಪಟದ ಹತ್ತಿರ ಬಂದ. ಮೊಳದುದ್ದ ಮಾಡಿಸಿದ್ದೆನಲ್ಲ, ಎಲ್ಲ ಸ್ಪಷ್ಟ. ಹಣೆಯ ಬಿಳಿ ಪಟ್ಟಿಯ ತುದಿಯನ್ನು ಅವನ ಬೆರಳು ಹಿಂಬಾಲಿಸುತ್ತ ಹೋಯಿತು. ಅದು ಹಿಂದೆ ಗೋಡೆಗೆ ಹೊಡೆದ ಗೂಟಕ್ಕೆ ಗಂಟು ಬಿದ್ದಿತ್ತು. ತಲೆ ಮುಂದಕ್ಕೆ ಬೀಳದಿರಲೆಂದು.

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಹೂವು ಏರಿಸಿ, ಗೋಡೆಗೆ ಆನಿಸಿ ಕುಂದ್ರಿಸುತ್ತಾರೆ. ಊರ ಮಂದಿ ಬಂದು ನೋಡಿ ಹೋಗುವ ತನಕ ಹಾಗೆಯೇ. ನಾನು ಎಷ್ಟು ಮನೆಗಳಲ್ಲಿ ಕಂಡಿಲ್ಲ? ಎಷ್ಟು ಜನರಿಗೆ ನಾನೇ ಆ ಪಟ್ಟಿ ಕಟ್ಟಿಲ್ಲ?

"ದರ್ಬಾರದ ಸತ್ಕಾರ ಅಂತ ಹೇಳಿ ಕಳಿಸಿದ್ರಿ" ಎಂದ ಗುರಪ್ಪ. ಜೋರಾಗಿಯೇ ಹೇಳಿದ, ಹಿರಿಯರಿಗೆ ಕೇಳಲಿ ಎಂದು. "ಅಪ್ಪ ಸತ್ತ ದಿನದ್ದನ್ನೂ ಬಿಡಲಿಲ್ಲಲ್ರಿ ನೀವು! ಇದರ ಮ್ಯಾಲೂ ನಾಟಕಾನ?"

ಎಲ್ಲರೂ ನನ್ನ ಕಡೆ ತಿರುಗಿದರು. ಇಂದುಬಾಯಿ, ಸಿದ್ದವ್ವ, ತಮ್ಮಣ್ಣ. ಅಡುಗೆಮನೆಯ ಬಾಗಿಲಲ್ಲಿ ಗೌರವ್ವ ಚಹಾದ ತಾಟು ಹಿಡಿದು ನಿಂತಿದ್ದಳು. ಕಪ್ಪುಗಳು ಒಂದಕ್ಕೊಂದು ತಗುಲಿ ಸದ್ದಾಗುತ್ತಿತ್ತು. ಅವಳು ಪಟ ನೋಡುತ್ತಿರಲಿಲ್ಲ, ತಮ್ಮಣ್ಣನನ್ನೂ ನೋಡುತ್ತಿರಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಗುರಪ್ಪನ ಕಣ್ಣು ಮಾತ್ರ ಬೇರೆ ಹೇಳುತ್ತಿತ್ತು. ಅವನು ಹೆದರಿದ್ದ. ಮಾತು ಆಡಿದ ಮೇಲೆ ಅವನಿಗೆ ನೆನಪಾಗಿತ್ತು. ಗಿಳಿ ನನ್ನ ನಾಲಗೆಯ ತುದಿಯಲ್ಲಿತ್ತು. ಒಂದೇ ಮಾತು, ಅವನು ಹಿರಿಯರ ಮುಂದೆ ನೆಲ ಕಚ್ಚುತ್ತಿದ್ದ.

ನಾನು ಹೇಳಿದ್ದು ಇಷ್ಟೇ: "ನಮ್ಮಪ್ಪರಿ. ಅವತ್ತ ನಾ ಇದ್ದಿದ್ದಿಲ್ರಿ."

ಗಿಳಿಯ ಮಾತು ಯಾಕೆ ಬರಲಿಲ್ಲವೋ ಗೊತ್ತಿಲ್ಲ. ಎರಡು ದಿನದಿಂದ ಥಂಡಿ ಗಾಳಿ.

ಅವರು ಸಕ್ಕರೆ ಮುಟ್ಟದೆ ಎದ್ದರು. ತಮ್ಮಣ್ಣ ಹೋಗುವಾಗ ಪಟದ ಮುಂದೆ ನಿಂತು ಕೈ ಮುಗಿದು ಹೋದ.

೮ ಫೆಬ್ರುವರಿ, ಸೋಮವಾರ

ಗೌರವ್ವ ನೀರಿಗೆ ಒಂದೇ ಸಲ ಹೋಗಿ ಬಂದಳು. ಇಂದುಬಾಯಿ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಟ ಇಳಿಸಲು ಸ್ಟೂಲು ಹತ್ತಿದೆ. ಸಿದ್ದವ್ವ, "ತಡಿ" ಎಂದಳು. ಕಂಬಕ್ಕೆ ಆತುಕೊಂಡು ಕೂತು ಹೇಳಿದಳು.

"ಜೀವಂತ ಇದ್ದಾಗ ಅಣ್ಣ ಒಂದ ಪಟಾ ತಗಸ್ಲಿಲ್ಲ. ಹೋದ ಮ್ಯಾಲ ನಿಮ್ಮವ್ವ ಹಟಾ ಹಿಡದ್ಲು. ಮಗಾ ಬರೂತನಾ ಮಣ್ಣಿಗಿ ಒಯ್ಯೂದ ಬ್ಯಾಡ ಅಂದ್ಲು. ಎಷ್ಟೊತ್ತ ಇಡಾಕ ಆಗ್ತೈತಿ? ಇನ್ನೂ ನಸುಕ ಹರದಿದ್ದಿಲ್ಲ. ಆಗ ಅಕೀನ ಅಂದ್ಲು, ಜತ್ತಿಗಿ ಗಾಡಿ ಕಳಿಸಿ ಪಟದಾಂವನ್ನ ಕರಸ್ರಿ, ಮಗಾ ಬಂದ್ರ ಅಪ್ಪನ ಮುಖಾ ನೋಡ್ಬೇಕಲ್ಲ ಅಂತ. ಪಟದಾಂವ ಬಂದು ನೋಡಿದಾ, ಕಣ್ಣ ಮುಚ್ಚ್ಯಾವಲ್ರಿ ಅಂದಾ. ನಿಮ್ಮವ್ವ ಅಂದ್ಲು, ತೆರದಂಗ ಬರದ ಕೊಡಪ್ಪಾ. ಮಗಾ ಸಣ್ಣಾಂವ ಅದಾನ, ಸತ್ತ ಮುಖಾ ನೋಡಿ ಅಂಜತಾನ. ನಮ್ಮಪ್ಪ ಕುಂತಾನ ಅಂತ ಅವಗ ಅನಿಸ್ಬೇಕು."

"ಮತ್ತ ನನಗ ಯಾಕ ತೋರಸ್ಲಿಲ್ಲ ಅಕಿ?"

"ನೀ ಬಂದಾಗ ಹೆಗಲ ಮ್ಯಾಲ ಜರದ ಶಾಲ ಹಾಕ್ಕೊಂಡ ಬಂದಿದ್ದಿ. ಊರ ಹುಡುಗರನ್ನೆಲ್ಲಾ ಕಟ್ಟಿಮ್ಯಾಲ ಕೂಡಿಸಿ ರಾಜಾನ ಮಾತ ಒದರಾಕತ್ತಿದ್ದಿ. ನಿಮ್ಮವ್ವ ಪಟಾ ಸೆರಗಿನಾಗ ಹಿಡಕೊಂಡು ಬಾಗಲದಾಗ ನಿಂತಿದ್ಲು. ಆಮ್ಯಾಲ ಒಳಗ ಹೋದ್ಲು."

ಸ್ಟೂಲಿನಿಂದ ಇಳಿದೆ. ಪಟ ಅಲ್ಲೇ ಇದೆ. ಬೇರೆ ಏನೂ ಬರೆಯುವುದಿಲ್ಲ.

೧೧ ಫೆಬ್ರುವರಿ, ಗುರುವಾರ

ಮಧ್ಯಾಹ್ನ ಗುರಪ್ಪ ಒಬ್ಬನೇ ಬಂದ. ಕಾಳಿನ ಧಾರಣೆ ಕೇಳಲು ಬಂದೆ ಎಂದ. ಧಾರಣೆ ಹೇಳುವವನೇ ಅವನು. ಕಟ್ಟೆಯ ಮೇಲೆ ಕೂತೆವು. ಮಳೆಯಿಲ್ಲ, ಜೋಳಕ್ಕೆ ಹಕ್ಕಿ ಬಿದ್ದಿದೆ ಎಂದು ಒಂದಷ್ಟು ಆಯಿತು. ಆಮೇಲೆ ಅವನು ಚಪ್ಪಲಿ ನೋಡುತ್ತ ಕೇಳಿದ.

"ನಮ್ಮ ಮನ್ಯಾಗ ಗಿಳಿ ನೋಡಿದ್ರಿ ನೀವು."

"ನೋಡಿನಿ."

"ಮೀಸೀನೂ?"

"ಎಡಕ ಇಲಿ ಕಡದೈತ್ರಿ."

"ಅವತ್ತ ನಾ ಅಷ್ಟ ಅಂದೆ. ಹಿರ್ಯಾರೂ ಇದ್ರು. ನೀವು ಯಾಕ ಅನಲಿಲ್ಲ?"

"ನಮ್ಮಪ್ಪನ್ನ ಕುಂದ್ರಿಸಿತ್ತಲ್ರಿ" ಎಂದೆ. "ಮಣ್ಣಿಗಿ ಬಂದವರ ಕೂಡ ಜಗಳಾ ತಗೀಬಾರದು."

ಗುರಪ್ಪ ಎದ್ದು ಒಳಗೆ ಹೋದ. ಪಟದ ಮುಂದೆ ಚಪ್ಪಲಿ ಬಿಟ್ಟು ನಿಂತ. ಹೊರಗೆ ಬಂದು ನನ್ನ ಪಕ್ಕದಲ್ಲೇ ಕೂತ.

"ನಮ್ಮವ್ವ ನಾಕ ದಿನದಿಂದ ನನ್ನ ಕೂಡ ಮಾತ ಬಿಟ್ಟಾಳ್ರಿ. ತಮ್ಮಣ್ಣ ಊಟಾ ಬಿಟ್ಟಾನ. ಅಂಗಡ್ಯಾಗ ನಾನೂ ತಕ್ಕಡಿನೂ ಇಬ್ಬರ." ನನ್ನ ಕಡೆ ತಿರುಗಿದ. "ನಿಮ್ಮಲ್ಲಿ ಖರೇ ಖರೇ ಎಷ್ಟ ತಲಿ ಅದಾವ್ರಿ?"

"ಮೂರರಿ. ನಾ, ನಮ್ಮಪ್ಪ, ನಮ್ಮ ಮುತ್ಯಾ. ಮುತ್ಯಾನ ಹೆಸರಷ್ಟ ಗೊತ್ತು."

"ನಮ್ಮಲ್ಲಿ ನಾಕರಿ" ಎಂದ. ಆಮೇಲೆ ತಾನೇ ಎಣಿಸಿಕೊಂಡು, "ಮೀಸಿ ತಗದ್ರ ಮೂರು" ಎಂದ.

ನಗು ಮೊದಲು ಯಾರಿಗೆ ಬಂತೋ ಗೊತ್ತಿಲ್ಲ. ಇಂದುಬಾಯಿ ಹೊರಗೆ ಬಂದು ನೋಡಿದಾಗ ಇಬ್ಬರೂ ಕಣ್ಣು ಒರೆಸಿಕೊಳ್ಳುತ್ತಿದ್ದೆವಂತೆ. ಶಿವರಾತ್ರಿ ಆದ ಮೇಲೆ ನಿಶ್ಚಯದ ಸಕ್ಕರೆ ಪುಡಿ ಇಟ್ಟುಕೊಳ್ಳೋಣ ಎಂದು ಅವನೇ ಹೇಳಿದ. ಪಟ ಅಲ್ಲೇ ಇರಲಿ ಎಂದೂ ಹೇಳಿದ. ಬರುವವರು ಮೊದಲು ಹಿರಿಯರಿಗೆ ಹಣೆ ಹಚ್ಚಿ, ಪಕ್ಕದ ಕೋಣೆಯಲ್ಲಿ ಸಕ್ಕರೆ ತಿಂದರಾಯಿತು. ಗೌರವ್ವ ಒಳಗಿನಿಂದ ಚಹಾ ತಂದಳು. ಕಪ್ಪುಗಳು ಸದ್ದು ಮಾಡಲಿಲ್ಲ. ಸಂಜೆಯ ಒಳಗೆ ಮೂರು ಸಲ ನೀರಿಗೆ ಹೋದಳು.

ಸಿದ್ದವ್ವ ಊರಿಗೆ ಹೊರಟಿದ್ದಾಳೆ. ಪಟದಲ್ಲಿ ಅಪ್ಪನ ಎಡಕ್ಕೆ ನಿಂತವರು ಯಾರು, ಅವ್ವನ ಬೆನ್ನ ಮೇಲೆ ಇರುವ ಕೈ ಯಾರದು, ನಾನು ಕೇಳಿಲ್ಲ. ಅಪ್ಪನಿಗೆ ಏನಾಗಿತ್ತು ಎಂಬುದನ್ನೂ ಕೇಳಿಲ್ಲ. ನಾಳೆ ಬೆಳಿಗ್ಗೆ ಬೆಳುಂಕಿಗೆ ನಾನೇ ಗಾಡಿ ಹೊಡೆಯುತ್ತೇನೆ. ಎತ್ತುಗಳನ್ನು ಓಡಿಸುವುದಿಲ್ಲ. ಮಾತು ಅವಳು ಆಡಲಿ.